ಬಾವಿಯಿಂದ ಗುಳ್ಳೆಯವರೆಗೆ: ಟಂಡ್ರಾ ನೆಲವನ್ನು ಅರಿತ ಬಗೆ

ಸೈಬೀರಿಯಾದ ಯಾಕುತ್ಸ್ಕ್‌ನಲ್ಲಿ 1828ರಲ್ಲಿ ವ್ಯಾಪಾರ ಸಂಸ್ಥೆಯೊಂದರ ಅಧಿಕಾರಿ ಫ್ಯೋದೊರ್ ಶೆರ್ಗಿನ್ ನೀರಿಗಾಗಿ ಬಾವಿ ತೋಡಿಸತೊಡಗಿದರು. 116 ಮೀಟರ್ ಇಳಿದರೂ ಸಿಕ್ಕಿದ್ದು ಹೆಪ್ಪುಗಟ್ಟಿದ ಮಣ್ಣೇ. 1837ರಲ್ಲಿ ಕೆಲಸ ಕೈಬಿಟ್ಟರು. ಕೆಲ ವರ್ಷಗಳ ಬಳಿಕ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಮಿಡೆನ್‌ಡಾರ್ಫ್ ಆ ಬಾವಿಯ ಗೋಡೆಯಲ್ಲಿ ಬೇರೆ ಬೇರೆ ಆಳದಲ್ಲಿ ಉಷ್ಣಮಾಪಕಗಳನ್ನು ಇಟ್ಟು ನೋಡಿದರು. ತಳದಲ್ಲಿ ಸುಮಾರು ಮೈನಸ್ 3 ಡಿಗ್ರಿ ಸೆಲ್ಸಿಯಸ್. ಮೇಲೆ ಬಂದಂತೆ ಇನ್ನೂ ಹೆಚ್ಚು ತಣ್ಣಗೆ. ಇಷ್ಟು ಆಳದವರೆಗೆ ನೆಲ ಹೆಪ್ಪುಗಟ್ಟಿರಲು ಸಾಧ್ಯವೇ ಎಂದು ಶಂಕಿಸುತ್ತಿದ್ದ ಯುರೋಪಿನ ವಿದ್ವಾಂಸರಿಗೆ ಉತ್ತರ ಸಿಕ್ಕಿತು. ಯಾಕುತ್ಸ್ಕ್ ಇರುವುದು ಕಾಡಿನ ಸೀಮೆಯಲ್ಲಿ, ಮರ ಬೆಳೆಯದ ಟಂಡ್ರಾ ಇನ್ನೂ ಉತ್ತರಕ್ಕೆ. ಆದರೂ ಟಂಡ್ರಾದ ನೆಲವನ್ನು ಅಳೆದು ಅರಿಯುವ ವಿದ್ಯೆ ಶುರುವಾದದ್ದು ಈ ಬಾವಿಯಲ್ಲೇ ಎಂದು ನನಗನ್ನಿಸುತ್ತದೆ.

ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿಯನ್ನು ಮೀರದ ನೆಲವನ್ನು ಇಂದು ಪರ್ಮಾಫ್ರಾಸ್ಟ್, ಅಂದರೆ ಹೆಪ್ಪುನೆಲ, ಎನ್ನುತ್ತಾರೆ. ಬೇಸಿಗೆಯಲ್ಲಿ ಕರಗುವುದು ಮೇಲಿನ ತೆಳು ಪದರವಷ್ಟೇ. ಟಂಡ್ರಾದ ಪಾಚಿ, ಹುಲ್ಲು, ಕುರುಚಲು ಗಿಡಗಳೆಲ್ಲ ಬೇರು ಬಿಡುವುದು ಅದರಲ್ಲೇ.

ಆಳ ತಿಳಿದ ಮೇಲೆ ಅದರೊಳಗೆ ಏನಿದೆ ಎಂಬ ಪ್ರಶ್ನೆ ಬಂತು. ಉತ್ತರ ಅಲಾಸ್ಕಾದ ಕರಾವಳಿಯಲ್ಲಿ ವರ್ಷಗಟ್ಟಲೆ ಉಳಿದ ಭೂವಿಜ್ಞಾನಿ ಅರ್ನೆಸ್ಟ್ ಲೆಫಿಂಗ್‌ವೆಲ್ ಅಲ್ಲಿನ ನೆಲದ ಮೇಲಿನ ಬಹುಭುಜ ವಿನ್ಯಾಸಗಳ ಗುಟ್ಟನ್ನು ಬಿಡಿಸಿದರು. ಕಡುಚಳಿಗೆ ನೆಲ ಕುಗ್ಗಿ ಸೀಳುತ್ತದೆ. ವಸಂತದಲ್ಲಿ ಹಿಮ ಕರಗಿದ ನೀರು ಆ ಸೀಳಿಗಿಳಿದು ಹೆಪ್ಪಾಗುತ್ತದೆ. ಮುಂದಿನ ಚಳಿಗಾಲದಲ್ಲಿ ಅದೇ ಜಾಗ ಮತ್ತೆ ಬಿರಿಯುತ್ತದೆ. ಕೂದಲೆಳೆಯಷ್ಟು ಹಿಮ ವರ್ಷವರ್ಷವೂ ಸೇರಿ, ಸಾವಿರಾರು ವರ್ಷಗಳಲ್ಲಿ ಮೀಟರುಗಟ್ಟಲೆ ಅಗಲದ ಹಿಮದ ಬೆಣೆಯಾಗುತ್ತದೆ. ಅದು ಕರಗಿದರೆ ಮೇಲಿನ ನೆಲ ಕುಸಿಯಲೇಬೇಕು.

ಎಂಜಿನಿಯರುಗಳು ಇದನ್ನು ಕಲಿತದ್ದು ಪೆಟ್ಟು ತಿಂದು. 1942ರಲ್ಲಿ ಅಲಾಸ್ಕಾ ಹೆದ್ದಾರಿಗಾಗಿ ಅಮೆರಿಕದ ಸೈನ್ಯ ಪಾಚಿಯನ್ನು ಹೆರೆದು ಹಾಕಿದಲ್ಲೆಲ್ಲ ನೆಲ ಕೆಸರಾಯಿತು. ಬಿಸಿಲು ಒಳಗಿಳಿಯದಂತೆ ತಡೆದಿದ್ದದ್ದೇ ಆ ಪಾಚಿ. ರಷ್ಯಾದಲ್ಲಿ ಮಿಖಾಯಿಲ್ ಸುಮ್ಗಿನ್ 1927ರಲ್ಲೇ ಈ ನೆಲದ ಬಗ್ಗೆ ಸಮಗ್ರ ಗ್ರಂಥ ಬರೆದಿದ್ದರು. ರಷ್ಯನ್ ಬಲ್ಲ ಭೂವಿಜ್ಞಾನಿ ಸೈಮನ್ ಮುಲ್ಲರ್ ಅಲ್ಲಿನ ತಿಳಿವಳಿಕೆಯನ್ನು 1943ರಲ್ಲಿ ಇಂಗ್ಲಿಷಿಗೆ ತಂದ ಮೇಲೆಯೇ ಅಮೆರಿಕನ್ನರ ಕಣ್ಣು ತೆರೆಯಿತು. 1977ರಲ್ಲಿ ಅಲಾಸ್ಕಾದ ತೈಲ ಕೊಳವೆ ಸಿದ್ಧವಾಗುವ ಹೊತ್ತಿಗೆ, ಸುಮಾರು 1,290 ಕಿಲೋಮೀಟರ್ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದರು. ಬಿಸಿ ಎಣ್ಣೆಯ ಶಾಖ ನೆಲಕ್ಕೆ ತಾಗಬಾರದಲ್ಲ!

ನನಗೆ ಬಹಳ ಪ್ರಿಯವಾದ ಪ್ರಯೋಗ ಕೆನಡಾದ ರಾಸ್ ಮ್ಯಾಕೆಯವರದು. ಕೆರೆಯ ತಳದ ಮಣ್ಣು ಹೆಪ್ಪುಗಟ್ಟದೆ ಉಳಿದಿರುತ್ತದೆ. ನೀರು ತೆಗೆದರೆ ಏನಾಗುತ್ತದೆ? 1978ರಲ್ಲಿ ಅವರು ಇಲ್ಲಿಸಾರ್ವಿಕ್ ಎಂಬ ಕೆರೆಯನ್ನು ಬರಿದು ಮಾಡಿಸಿ, ಬೆತ್ತಲಾದ ತಳದಲ್ಲಿ ಹೊಸ ಹೆಪ್ಪುನೆಲ ಹುಟ್ಟುವುದನ್ನು ದಶಕಗಳ ಕಾಲ ಗಮನಿಸಿದರು. ಒಂದೇ ಜಾಗಕ್ಕೆ ಮರಳಿ ಮರಳಿ ಹೋಗುವ ಈ ತಾಳ್ಮೆ ಇಲ್ಲದಿದ್ದರೆ ಈ ಶಾಸ್ತ್ರ ಇಷ್ಟು ಬೆಳೆಯುತ್ತಿರಲಿಲ್ಲ.

ಅಷ್ಟರಲ್ಲಿ ಪ್ರಶ್ನೆಯೂ ಬದಲಾಗುತ್ತಿತ್ತು. 1986ರಲ್ಲಿ ಭೂವಿಜ್ಞಾನಿಗಳಾದ ಲಾಕನ್‌ಬ್ರುಕ್ ಮತ್ತು ಮಾರ್ಷಲ್ ಉತ್ತರ ಅಲಾಸ್ಕಾದಲ್ಲಿ ತೈಲಕ್ಕಾಗಿ ಕೊರೆದ ಬಾವಿಗಳ ಉಷ್ಣತೆಯನ್ನು ಪರಿಶೀಲಿಸಿದರು. ಹಿಂದಿನ ಕೆಲವು ದಶಕಗಳಿಂದ ಒಂದು ಶತಮಾನದೊಳಗೆ ಹೆಪ್ಪುನೆಲದ ಮೇಲ್ಭಾಗ 2ರಿಂದ 4 ಡಿಗ್ರಿ ಬೆಚ್ಚಗಾಗಿತ್ತು. ಶಾಶ್ವತವೆಂದು ನಂಬಿದ್ದ ನೆಲ ಹವಾಮಾನದ ದಾಖಲೆಯಾಯಿತು.

ನಂತರ ಇಂಗಾಲದ ಲೆಕ್ಕ ಬಂತು. ಕೊಳೆಯಲಾಗದೆ ಉಳಿದ ಬೇರು, ಎಲೆ, ಪ್ರಾಣಿಗಳ ಅವಶೇಷ ಎಲ್ಲ ಸೇರಿ ಸುಮಾರು 1,300ರಿಂದ 1,600 ಶತಕೋಟಿ ಟನ್ ಇಂಗಾಲ ಹೆಪ್ಪುನೆಲದ ಸೀಮೆಯ ಮಣ್ಣಿನಲ್ಲಿದೆ. ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡು ಪಟ್ಟು. ನೆಲ ಕರಗಿ ಸೂಕ್ಷ್ಮಜೀವಿಗಳು ಅದನ್ನು ತಿಂದಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಗಾಳಿಯಾಡದ ಕೆರೆತಳದಲ್ಲಾದರೆ ಮೀಥೇನ್. ಈ ಮೀಥೇನನ್ನು ಅಳೆಯಲು ಸಂಶೋಧಕಿ ಕೇಟಿ ವಾಲ್ಟರ್ ಸೈಬೀರಿಯಾದ ಚೆರ್ಸ್ಕಿಯ ಬಳಿ, ಚಳಿಗಾಲದ ಆರಂಭದಲ್ಲಿ ಕೆರೆಗಳ ತೆಳು ಹಿಮದ ಮೇಲೆ ನಡೆದರು. ಏಳುತ್ತಿದ್ದ ಗುಳ್ಳೆಗಳು ಹಿಮದಲ್ಲಿ ಬಿಳಿ ಬಿಲ್ಲೆಗಳಾಗಿ ಸಿಕ್ಕಿಕೊಂಡಿರುತ್ತವೆ, ಅವನ್ನು ಎಣಿಸಬಹುದು. ಹಿಂದಿನ ಅಂದಾಜುಗಳು ತೀರಾ ಕಡಿಮೆಯಿದ್ದವೆಂದು 2006ರಲ್ಲಿ ಅವರ ತಂಡ ತೋರಿಸಿತು.

2022ರಲ್ಲಿ ಉಕ್ರೇನಿನ ಮೇಲೆ ದಾಳಿ ನಡೆದ ಬಳಿಕ ಇಂಥ ಅಳತೆಗಳಲ್ಲಿ ರಷ್ಯಾ ಮತ್ತು ಪಶ್ಚಿಮದ ಸಂಸ್ಥೆಗಳ ಸಹಯೋಗ ಬಹುಮಟ್ಟಿಗೆ ಕಡಿದುಬಿದ್ದಿದೆ. ಹೆಪ್ಪುನೆಲದ ದೊಡ್ಡ ಪಾಲು ಇರುವುದು ರಷ್ಯಾದಲ್ಲೇ. ಅಲ್ಲಿನ ಕೇಂದ್ರಗಳನ್ನು ಬಿಟ್ಟರೆ ಉಳಿದ ಅಳತೆಗಳು ಇಡೀ ಆರ್ಕ್ಟಿಕ್‌ನ ಚಿತ್ರ ಕೊಡಲಾರವು ಎಂದು 2024ರ ಅಧ್ಯಯನವೊಂದು ಎಚ್ಚರಿಸಿದೆ. ವೇಗವಾಗಿ ಬೆಚ್ಚಗಾಗುತ್ತಿರುವ ನೆಲದ ಮಟ್ಟಿಗೆ, ಕಳೆದುಹೋದ ಒಂದು ವರ್ಷದ ಅಳತೆಯನ್ನು ಆಮೇಲೆ ಹೋಗಿ ತೆಗೆಯಲು ಬರುವುದಿಲ್ಲ.