ಚೀಟಿ ಎತ್ತಿ ಗೆದ್ದರೆ ಅದು ಗೆಲುವಲ್ಲವೇ?

ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೂ ಸಮ ಮತ ಬಂದು, ಚೀಟಿ ಎತ್ತಿ ಒಬ್ಬರನ್ನು ಆಯ್ಕೆ ಮಾಡಿದರೆ ‘ಇದು ಅಕ್ರಮ, ಮರುಚುನಾವಣೆ ಆಗಬೇಕು’ ಎನ್ನುವವರಿದ್ದಾರೆ. ಇದು ನಿಜವೇ?

ಉತ್ತರ: ಇಲ್ಲ. ಚೀಟಿ ಎತ್ತುವುದು ಕಾನೂನೇ ಹೇಳಿರುವ ದಾರಿ.

ಕಾನೂನು ಏನು ಹೇಳುತ್ತದೆ?

1951ರ ಜನಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ, ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಯಲ್ಲಿ ಮತ ಸಮವಾದರೆ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಹೆಸರು ಬಂದವರಿಗೆ ಒಂದು ಮತ ಹೆಚ್ಚು ಬಿದ್ದಂತೆ ಲೆಕ್ಕ. ಗ್ರಾಮ ಪಂಚಾಯಿತಿಯಲ್ಲೂ ಇದೇ ಕ್ರಮ. ಎಣಿಕೆಯ ಬಗ್ಗೆ ತಕರಾರಿದ್ದರೆ ಕೋರ್ಟಿಗೆ ಹೋಗಬಹುದು.

ಭಾರತೀನಗರದ ಸುತ್ತಲಿನ ಹಳ್ಳಿಗಳಲ್ಲಿ ಇದು ಯಾಕೆ ಮುಖ್ಯ?

ರಾಜ್ಯದ ಕಾಯ್ದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರು. ಮತದಾರರು ಕೆಲವೇ ನೂರು ಇರುವಲ್ಲಿ ಮತ ಸಮವಾಗುವ ಸಾಧ್ಯತೆ ಹೆಚ್ಚು. ದೊಡ್ಡ ಕ್ಷೇತ್ರದಲ್ಲೂ ಅಂತರ ಕೂದಲೆಳೆಯಷ್ಟಾಗಬಹುದು. 2004ರಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ, ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದರು. ಒಂದೇ ಮತದ ಗೆಲುವು!

ಚೀಟಿಯ ಆಯ್ಕೆ ಹೊಸದೇನಲ್ಲ

ಪ್ರಾಚೀನ ಗ್ರೀಸ್‌ನ ಅಥೆನ್ಸ್‌ನಲ್ಲಿ ಅದೃಷ್ಟದ ಆಯ್ಕೆಯೇ ಪ್ರಜಾಪ್ರಭುತ್ವದ ಗುರುತಾಗಿತ್ತು. 30 ದಾಟಿದ 6,000 ನಾಗರಿಕರನ್ನು ವರ್ಷಕ್ಕೊಮ್ಮೆ ನ್ಯಾಯಮಂಡಳಿಗೆ ಹೀಗೆಯೇ ಆರಿಸುತ್ತಿದ್ದರು. ಯಾವ ಮೊಕದ್ದಮೆಗೆ ಯಾರು ಕೂರಬೇಕೆಂಬುದು ಆ ದಿನ ಬೆಳಿಗ್ಗೆ ತೀರ್ಮಾನವಾಗುತ್ತಿತ್ತು. ಇದಕ್ಕೆ ಸಾಲು ಸೀಳುಗಳಿದ್ದ ಕಲ್ಲಿನ ಯಂತ್ರವೂ ಇತ್ತು. ಯಾರು ಕೂರುತ್ತಾರೆಂದು ಮೊದಲೇ ತಿಳಿಯದಿದ್ದರೆ ಲಂಚ ಕೊಡುವುದು ಯಾರಿಗೆ?

ಆದರೆ ಎಲ್ಲವನ್ನೂ ಅದೃಷ್ಟಕ್ಕೆ ಬಿಟ್ಟಿರಲಿಲ್ಲ. ಸೇನೆ ನಡೆಸುವ 10 ದಂಡನಾಯಕರನ್ನು ಕೈ ಎತ್ತಿಸಿ ಚುನಾಯಿಸುತ್ತಿದ್ದರು. ಅಧಿಕಾರಿಗಳು ಕೆಲಸಕ್ಕೆ ಸೇರುವ ಮುನ್ನ ವಿಚಾರಣೆ, ಮುಗಿದ ಮೇಲೆ ಲೆಕ್ಕ ಒಪ್ಪಿಸುವುದು ಕಡ್ಡಾಯ. ಹೆಂಗಸರು, ಗುಲಾಮರು, ವಲಸಿಗರಿಗೆ ಮಾತ್ರ ಅವಕಾಶವೇ ಇರಲಿಲ್ಲ.

ತಮಿಳುನಾಡಿನ ಉತ್ತರಮೇರೂರಿನಲ್ಲಿ 10ನೇ ಶತಮಾನದ ಚೋಳ ಶಾಸನವಿದೆ. ಅರ್ಹರ ಹೆಸರು ಬರೆದ ಓಲೆಗಳನ್ನು ಮಡಕೆಗೆ ಹಾಕಿ ಬಾಲಕನಿಂದ ತೆಗೆಸುತ್ತಿದ್ದರು. ಹಿಂದೆ ಲೆಕ್ಕ ಕೊಡದವರ ಹೆಸರು ಮಡಕೆಗೆ ಬೀಳುತ್ತಲೇ ಇರಲಿಲ್ಲ.

ನೆನಪಿಡಿ

ಅಥೆನ್ಸ್‌ನಲ್ಲಿ ಚೀಟಿ ಮೊದಲ ದಾರಿ. ನಮ್ಮಲ್ಲಿ ಮತ ಸಮವಾದಾಗಿನ ಕೊನೆಯ ದಾರಿ. ನಮ್ಮಲ್ಲಿ ಅದನ್ನು ತಪ್ಪಿಸಲು ಒಂದೇ ಒಂದು ಮತ ಸಾಕು. ‘ನನ್ನೊಂದು ವೋಟಿನಿಂದ ಏನಾಗುತ್ತೆ’ ಎಂದು ಮನೆಯಲ್ಲೇ ಕೂರುವವರಿಗೆ ಇದನ್ನು ಕಳಿಸಿ.