‘ಬರಾಕಿಲ್ಲ’ ಎಂದರೆ ತಪ್ಪೇ?

ಬೆಟ್ಟದಪುರದಲ್ಲಿ ಓದುವಾಗ ನಮಗೆ ಎರಡು ಕಡೆಯಿಂದ ಬೈಗುಳ. ‘ಬರಾಕಿಲ್ಲ’ ಎಂದರೆ ಕನ್ನಡ ಮೇಷ್ಟ್ರು ‘ಬರುವುದಿಲ್ಲ ಅನ್ನು’ ಎಂದು ತಿದ್ದುತ್ತಿದ್ದರು. ಮನೆಯ ‘ನಕ್ಕೋ’ ಬಾಯಿಗೆ ಬಂದರೆ ಉರ್ದು ಉಸ್ತಾದರಿಗೆ ಕೋಪ. ಆದರೆ ಇಂಗ್ಲಿಷ್ ಪಾಠದಲ್ಲಿ ‘ಡೋಂಟ್’, ‘ಕಾಂಟ್’ ಎಂದು ಉರುಹೊಡೆದರೆ ಶಹಭಾಸ್!

ಆ ‘ಡೋಂಟ್’ ಕೂಡ ಸವೆದ ಮಾತೇ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ‘ನೆ’ ಇಟ್ಟರೆ ನಿಷೇಧವಾಗುತ್ತಿತ್ತು. ಒತ್ತು ಸಾಲದೆ ‘ಏನೂ ಇಲ್ಲ’ ಎಂಬರ್ಥದ ಇನ್ನೊಂದು ಪದವನ್ನು ಹಿಂದೆ ಸೇರಿಸಿದರು. ಅದು ಸವೆದು ‘ನಾಟ್’ ಆಯಿತು, ಮುಂದಿನ ‘ನೆ’ ಉದುರಿಹೋಯಿತು. 17ನೆಯ ಶತಮಾನದಲ್ಲಿ ಆ ‘ನಾಟ್’ ಕೂಡ ಕ್ರಿಯಾಪದಕ್ಕೆ ಅಂಟಿಕೊಂಡು ಬರಹಕ್ಕೆ ಇಳಿಯಿತು. ಗಲಿವರನ ಕತೆ ಬರೆದ ಸ್ವಿಫ್ಟ್ ಮಹಾಶಯ 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇಂಥ ಮೊಟಕು ಮಾತುಗಳನ್ನು ಗೇಲಿ ಮಾಡಿದ. ಅವನೂ ಒಂದು ಬಗೆಯ ಮೇಷ್ಟ್ರೇ!

ಕನ್ನಡದ ದಾರಿ ಬೇರೆ. ಹಳಗನ್ನಡಕ್ಕೆ ‘ಇಲ್ಲ’ದ ಹಂಗೇ ಬೇಕಿರಲಿಲ್ಲ. ‘ಕೇಳೆನ್’ ಎಂದರೆ ಸಾಕು, ನಾನು ಕೇಳಲಿಲ್ಲ, ಕೇಳುವುದಿಲ್ಲ, ಎಲ್ಲವೂ ಅದರಲ್ಲೇ. ಕಾಲದ ಗುರುತಿಲ್ಲ, ಆದರೆ ಹೇಳುವವರು ಯಾರೆಂಬುದು ಪದದೊಳಗೇ ಇದೆ. ಮುಂದೆ ‘ಇಲ್ಲ’ ಬಂದು ಇದನ್ನು ತಲೆಕೆಳಗು ಮಾಡಿತು. ‘ಬರಲಿಲ್ಲ’, ‘ಬರುವುದಿಲ್ಲ’ ಎಂದು ಕಾಲ ಸಿಕ್ಕಿತು, ಆಳು ಕಳೆದುಹೋದ. ನಾನೂ ಬರುವುದಿಲ್ಲ, ಅವಳೂ ಬರುವುದಿಲ್ಲ. ಹಳೆಯ ರೂಪದ ಚೂರುಗಳು ‘ಕೂಡದು’, ‘ಸಲ್ಲದು’, ‘ಅರಿಯೆ’ಗಳಲ್ಲಿ ಉಳಿದಿವೆ. ಉತ್ತರ ಕರ್ನಾಟಕದವರ ಬಾಯಲ್ಲಿ ‘ಒಲ್ಲೆ’ ಇನ್ನೂ ಗಟ್ಟಿಯಾಗಿದೆ.

ಮೇಷ್ಟ್ರ ‘ಬರುವುದಿಲ್ಲ’ವಾದರೂ ಏನು? ಬರುವುದು ಮತ್ತು ಇಲ್ಲ ಸೇರಿ ನಡುವಿನ ಉಕಾರ ಹೋದದ್ದು. ಅದಕ್ಕೆ ಲೋಪಸಂಧಿ ಎಂಬ ಗೌರವದ ಹೆಸರು, ಪರೀಕ್ಷೆಯಲ್ಲಿ ಅಂಕ ಬೇರೆ. ಅದೇ ಸವೆತ ಮುಂದುವರಿದು ‘ಬರೋದಿಲ್ಲ’, ‘ಬರಲ್ಲ’ ಆದರೆ ಆಡುಮಾತು. ನಮ್ಮ ಕಡೆ ‘ಬರಾಕೆ’ ಜೊತೆ ‘ಇಲ್ಲ’ ಕೂಡಿ ‘ಬರಾಕಿಲ್ಲ’ ಆದರೆ ತಪ್ಪು!

‘ನಕ್ಕೋ’ ಕೂಡ ದಿಕ್ಕಿಲ್ಲದ್ದಲ್ಲ. ಮರಾಠಿಯ ‘ನಕೋ’ ದಖನಿಗೆ ಬಂದದ್ದು. ಬಿಜಾಪುರದ ಇಬ್ರಾಹಿಂ ಆದಿಲ್ ಶಾಹ ತನ್ನ ‘ಕಿತಾಬೆ ನೌರಸ್’ ರಚಿಸಿದ್ದು ಇದೇ ದಖನಿಯಲ್ಲಿ. ಉಸ್ತಾದರು ಇದನ್ನು ನಮಗೆ ಹೇಳಲಿಲ್ಲ.

ನಮ್ಮ ಪಕ್ಕದಲ್ಲಿ ಕೂರುತ್ತಿದ್ದ, ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗನೊಬ್ಬ, ತಿದ್ದಿಸಿಕೊಂಡು ತಿದ್ದಿಸಿಕೊಂಡು ಆರನೇ ಕ್ಲಾಸಿನ ಹೊತ್ತಿಗೆ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಉತ್ತರ ಗೊತ್ತಿದ್ದರೂ ತಲೆ ಅಲ್ಲಾಡಿಸಿ ಸುಮ್ಮನೆ ಕೂತುಬಿಡುತ್ತಿದ್ದ.