ನಾಕಾ ಹೋಯಿತು, ಪುರಸಭೆ ಉಳಿಯಿತು

1956ರಲ್ಲಿ ಕನ್ನಡನಾಡು ಒಂದಾಯಿತು. ಊರ ಚರಂಡಿ ಬಳಿಸುವ ಕಾನೂನು ಒಂದಾಗಲು ಮಾತ್ರ ಇನ್ನೂ ಎಂಟು ವರ್ಷ ಹಿಡಿಯಿತು. ಅಲ್ಲಿಯವರೆಗೆ ಧಾರವಾಡ, ವಿಜಾಪುರದ ಕಡೆಯ ಪಟ್ಟಣಗಳಿಗೆ 1901ರ ಮುಂಬಯಿ ಕಾಯ್ದೆ, ದಕ್ಷಿಣ ಕನ್ನಡಕ್ಕೆ 1920ರ ಮದರಾಸು ಕಾಯ್ದೆ, ಕೊಡಗಿಗೆ 1907ರ ತನ್ನದೇ ರೆಗ್ಯುಲೇಷನ್. ಹಳೇ ಮೈಸೂರಿಗೆ 1951ರದು, ಕಲಬುರಗಿ ಕಡೆಗೆ ಹೈದರಾಬಾದಿನದು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ 1964ರಲ್ಲಿ ಪುರಸಭೆಗಳ ಕಾಯ್ದೆ ಬಂತು. 1965ರ ಏಪ್ರಿಲ್ 1ರಿಂದ ಜಾರಿಯಾಯಿತು. ಆ ಕಾಯ್ದೆಗೆ ಈಗ ಅರುವತ್ತು ದಾಟಿದೆ. ತಿದ್ದುಪಡಿಯ ತೇಪೆ ಎಷ್ಟು ಬಿದ್ದಿದ್ದರೂ ನಮ್ಮ ಪುರಸಭೆಗಳು ಇಂದಿಗೂ ನಡೆಯುವುದು ಅದರ ಮೇಲೆಯೇ.

ಸಂಸ್ಥೆ ಕಾಯ್ದೆಗಿಂತ ಹಳೆಯದು. 1850ರ ಕಂಪನಿ ಸರ್ಕಾರದ ಕಾನೂನಿನಲ್ಲಿ ಒಂದು ಸ್ವಾರಸ್ಯವಿತ್ತು: ನಮಗೆ ಮುನಿಸಿಪಾಲಿಟಿ ಬೇಕು ಎಂದು ಊರವರೇ ಅರ್ಜಿ ಹಾಕಿಕೊಳ್ಳಬೇಕಿತ್ತು. ಮುನಿಸಿಪಾಲಿಟಿ ಎಂದರೆ ತೆರಿಗೆ ಎಂಬುದು ಜನಕ್ಕೆ ಗೊತ್ತಿದ್ದರಿಂದ ಅರ್ಜಿಗಳು ಮುಗಿಬಿದ್ದು ಬರಲಿಲ್ಲ. ಆದರೂ ಬೆಳಗಾವಿ 1851ರಲ್ಲಿ, ಹುಬ್ಬಳ್ಳಿ 1855ರಲ್ಲಿ, ಧಾರವಾಡ ಅದರ ಮರುವರ್ಷ ಪುರಸಭೆ ಕಂಡವು. ಮೈಸೂರು ಸೀಮೆಯಲ್ಲಿ ಬೆಂಗಳೂರು 1862ರಲ್ಲಿ. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ ಮೇಲೆ ಚುನಾಯಿತ ಸದಸ್ಯರು ನಿಧಾನವಾಗಿ ಒಳಗೆ ಬಂದರು. ಮತ ಹಾಕುವ ಹಕ್ಕು ಮಾತ್ರ ಕಂದಾಯ ಕಟ್ಟುವವರದು, ಆಸ್ತಿ ಇದ್ದವರದು. ಅನ್ಯಾಯವೇ ಸರಿ. ಆದರೆ ಕಟ್ಟಿದ ಕಾಸಿಗೂ ಕೇಳುವ ಬಾಯಿಗೂ ನಡುವೆ ಒಂದು ನಂಟು ಆಗಲೇ ಬಿದ್ದಿತ್ತು. ಪುರಸಭೆಯ ಮುಂದಿನ ಕಥೆಯೆಲ್ಲ ಆ ನಂಟು ಹೇಗೆ ಸಡಿಲವಾಯಿತು ಎಂಬುದೇ ಎನ್ನುವುದು ನನ್ನ ಅಭಿಪ್ರಾಯ.

ಅದನ್ನು ಹಿಡಿದಿಟ್ಟಿದ್ದದ್ದು ನಾಕಾ. ಊರೊಳಗೆ ಬರುವ ದಾರಿಗಳ ಬಾಯಲ್ಲಿ ಒಂದು ಗೂಡಂಗಡಿಯಷ್ಟು ಕಟ್ಟೆ, ಅಡ್ಡಗಟ್ಟಿದ ಗಳ, ಒಳಗೆ ರಸೀದಿ ಪುಸ್ತಕ ಹಿಡಿದ ಗುಮಾಸ್ತ. ಸಂತೆಗೆ ಬರುವ ಗಾಡಿ ಅಲ್ಲಿ ನಿಲ್ಲಬೇಕು. ಬೆಲ್ಲ, ತುಪ್ಪ, ಕಾಳು, ಕಟ್ಟಿಗೆ, ಜವಳಿ, ಏನು ತಂದರೂ ಜಕಾತಿ ತೆತ್ತು ಒಳಗೆ ಹೋಗಬೇಕು. ಉತ್ತರದವರಿಗೆ ಅದು ಜಕಾತಿ ನಾಕಾ, ದಕ್ಷಿಣದವರಿಗೆ ಸುಂಕದ ಕಟ್ಟೆ. ಇದರಲ್ಲಿ ಲಂಚ ಇತ್ತು, ಕಿರುಕುಳ ಇತ್ತು. ನಡುರಾತ್ರಿ ಹೊಲದ ದಾರಿಯಲ್ಲಿ ಗಾಡಿ ಹೊಡೆದು ನಾಕಾ ತಪ್ಪಿಸುವ ಜಾಣರೂ ಇದ್ದರು. ಲಾರಿಗಳ ಕಾಲ ಬಂದ ಮೇಲೆ ಊರೂರಿಗೂ ಸಾಲು ನಿಲ್ಲುವುದು ವರ್ತಕರಿಗೆ ಸಾಕುಬೇಕಾಯಿತು. ಅವರ ದೂರು ಸುಳ್ಳಾಗಿರಲಿಲ್ಲ. ಆದರೂ ಸಂಜೆ ನಾಕಾದಿಂದ ಬಂದ ಚಿಲ್ಲರೆ ಪುರಸಭೆಯ ಸ್ವಂತ ದುಡ್ಡು. ಸಂತೆ ಚೆನ್ನಾದರೆ ಪುರಸಭೆ ಚೆನ್ನ, ಬರ ಬಿದ್ದರೆ ಪುರಸಭೆಗೂ ಬರ. ಬೀದಿಯ ಕಂದೀಲಿಗೆ ಎಣ್ಣೆ ಹಾಕಲು ಯಾರ ಸಹಿಗೂ ಕಾಯಬೇಕಿರಲಿಲ್ಲ.

1979ರ ಏಪ್ರಿಲ್‌ನಲ್ಲಿ, ದೇವರಾಜ ಅರಸರ ಸರ್ಕಾರ ಇದ್ದಾಗ, ಜಕಾತಿ ರದ್ದಾಯಿತು. ಬದಲಿಗೆ ರಾಜ್ಯ ಸರ್ಕಾರ ತಾನೇ ಪ್ರವೇಶ ತೆರಿಗೆ ಎತ್ತಿ, ಪುರಸಭೆಗಳಿಗೆ ಪರಿಹಾರವಾಗಿ ಅನುದಾನ ಕೊಡುವ ಏರ್ಪಾಟು ಮಾಡಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಪ್ರವೇಶ ತೆರಿಗೆಯೂ ಹೋಯಿತು. ಜಕಾತಿ ತೆಗೆದದ್ದು ತಪ್ಪು ಎನ್ನಲಾರೆ. ವ್ಯಾಪಾರಕ್ಕೆ ಅದು ಬೇಕಿತ್ತು. ಆದರೆ ಅಂದಿನಿಂದ ಪುರಸಭೆಯ ಮುಖ ಸಂತೆಪೇಟೆಯಿಂದ ಬೆಂಗಳೂರಿನ ಕಡೆಗೆ ತಿರುಗಿತು. ಅನುದಾನ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಯಾವ ಶೀರ್ಷಿಕೆಯಡಿ ಬರುತ್ತದೆ ಎಂಬುದೇ ಮುಖ್ಯಾಧಿಕಾರಿಗಳ ಚಿಂತೆಯಾಯಿತು. ಕ್ಷೇತ್ರದ ಶಾಸಕರು ಪುರಸಭೆಯಲ್ಲಿ ಮತವಿರುವ ಸದಸ್ಯರು. ಹಣ ತರುವವರೂ ಅವರೇ ಆದಾಗ ಅಧ್ಯಕ್ಷರ ಕುರ್ಚಿ ತುಸು ಕುಳ್ಳಗಾದದ್ದರಲ್ಲಿ ಆಶ್ಚರ್ಯವಿಲ್ಲ.

ಸ್ವಂತದ್ದು ಎಂದು ಉಳಿದದ್ದು ಮನೆ ಕಂದಾಯ, ನೀರಿನ ಕರ, ಮಳಿಗೆಗಳ ಬಾಡಿಗೆ, ಸಂತೆಯ ನೆಲವಳಿ. ಮನೆ ಕಂದಾಯ ಬಹುಕಾಲ ಬಾಡಿಗೆಯ ಅಂದಾಜಿನ ಮೇಲೆ ನಿಂತಿತ್ತು. ಅಂದಾಜು ಮಾಡುವವರ ಕಣ್ಣಳತೆಯೇ ಲೆಕ್ಕ. 2002ರಿಂದ ಸ್ವಯಂ ಘೋಷಣೆ ಪದ್ಧತಿ ಬಂತು. ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ. ಆ ರಸೀದಿಯನ್ನು ಒಮ್ಮೆ ಬಿಡಿಸಿ ಓದಿ: ಕಂದಾಯದ ಮೇಲೆ ಶೇ. 15 ಆರೋಗ್ಯ ಕರ, ಶೇ. 6 ಗ್ರಂಥಾಲಯ ಕರ, ಶೇ. 3 ಭಿಕ್ಷುಕರ ಕರ. ಈ ಇಪ್ಪತ್ತನಾಲ್ಕು ಪುರಸಭೆಯದಲ್ಲ. ಬಿಲ್ ಕಲೆಕ್ಟರ್ ಮನೆಮನೆ ಸುತ್ತಿ ಎತ್ತಿ, ಬೇರೆಯವರಿಗೆ ತಲುಪಿಸಬೇಕಾದ ದುಡ್ಡು. ಜಗಲಿಯ ಮೇಲೆ ಕೂತು ಬೈಸಿಕೊಳ್ಳುವುದು ಮಾತ್ರ ಅವನ ಪಾಲು.

ಇಷ್ಟೆಲ್ಲದರ ಕೆಳಗೆ ಇನ್ನೊಂದು ಚರಿತ್ರೆಯಿದೆ. ಅದನ್ನು ಬಿಟ್ಟು ಪುರಸಭೆಯ ಕಥೆ ಹೇಳುವುದು ಸರಿಯಲ್ಲ. ಪುರಸಭೆ ಎಂಬುದು ನಡೆದದ್ದೇ ಪೌರಕಾರ್ಮಿಕರ ಬೆನ್ನಿನ ಮೇಲೆ. ನಮ್ಮ ಪಟ್ಟಣಗಳಲ್ಲಿ ಬುಟ್ಟಿ ಕಕ್ಕಸುಗಳಿದ್ದ ಕಾಲದಲ್ಲಿ ಮಲವನ್ನು ತಲೆಯ ಮೇಲೆ ಹೊತ್ತು ಊರಾಚೆ ಸಾಗಿಸಿದವರು ಅವರು, ಅವರ ತಂದೆತಾಯಂದಿರು. ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಂಡ ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಕಾನೂನು ಅದಕ್ಕೆ ಬಂದದ್ದು 1993ರಲ್ಲಿ, ಇನ್ನೂ ಗಟ್ಟಿಯಾಗಿ 2013ರಲ್ಲಿ. ಬಸವಲಿಂಗಪ್ಪನವರ ನಿಷೇಧದಿಂದ ಸುಮಾರು ನಾಲ್ಕು ದಶಕ ಕಳೆದ ಮೇಲೂ, 2010ರ ಜುಲೈನಲ್ಲಿ, ಸವಣೂರಿನ ಭಂಗಿ ಸಮುದಾಯದ ಜನ ತಾವು ಬಾಳಿದ ಜಾಗದಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡರು. ಅದು ನಡೆದದ್ದು ಪುರಸಭೆಯ ಎದುರಿಗೇ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನದ ಶಾಲು, ಹಾರ, ಸಿಹಿಯೂಟ ಎಲ್ಲ ಇರಲಿ. ಗುತ್ತಿಗೆಯವರಿಗೆ ಸಂಬಳ ತಿಂಗಳಿಗೆ ಸರಿಯಾಗಿ ಆಯಿತೇ ಎಂಬ ಪ್ರಶ್ನೆಯೂ ಅದೇ ವೇದಿಕೆಯ ಮೇಲೆ ಕೇಳಿಸಬೇಕು.

ಪುರಸಭೆಯ ಸುದ್ದಿ ಜನರಿಗೆ ಮುಟ್ಟುತ್ತಿದ್ದ ಬಗೆಯೂ ಬದಲಾಗಿದೆ. ನಾಳೆ ನೀರು ಬಿಡುವುದಿಲ್ಲ, ಸಿಡುಬಿನ ಚುಚ್ಚುಮದ್ದಿಗೆ ಬನ್ನಿ, ಕಂದಾಯ ಕಟ್ಟದಿದ್ದರೆ ಜಪ್ತಿ ಎಂದು ತಮಟೆ ಬಾರಿಸಿಕೊಂಡು ಓಣಿ ಓಣಿಯಲ್ಲಿ ಸಾರುತ್ತಿದ್ದರು. ಆಮೇಲೆ ನೋಟಿಸ್ ಬೋರ್ಡು, ಆಮೇಲೆ ಆಟೋಕ್ಕೆ ಕಟ್ಟಿದ ಮೈಕು. ಈಗ ಬೆಳಿಗ್ಗೆ ಕಸದ ಗಾಡಿಯ ಹಾಡು, ಉಳಿದದ್ದು ವಾರ್ಡಿನ ವಾಟ್ಸಾಪ್ ಗುಂಪು. ಗುಂಪಿನಲ್ಲಿ ನೀರು ಬರುವ ಹೊತ್ತು ತಿಳಿಯುತ್ತದೆ. ಠರಾವು ಏನಾಯಿತು ಎಂಬುದು ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಸಾಮಾನ್ಯ ಸಭೆ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಆ ಸಭೆ ಸಾರ್ವಜನಿಕರಿಗೆ ತೆರೆದದ್ದು ಎಂಬುದು ಊರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಸೇವೆಯ ಮಾತಿಗೆ ಬಂದರೆ ಸುಧಾರಣೆ ನಿಜ. ಜನನ ಮರಣ 21 ದಿನದೊಳಗೆ ನೋಂದಾಯಿಸಬೇಕೆಂಬ 1969ರ ಕಾನೂನು ಹಳೆಯದೇ. ಪ್ರಮಾಣಪತ್ರಕ್ಕಾಗಿ ದಪ್ಪ ರಿಜಿಸ್ಟರ್ ತಿರುವಿ ಹುಡುಕಿಸುವ ಕಷ್ಟ ಈಗ ತಗ್ಗಿದೆ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಬಂದ ಸಕಾಲ, ಅರ್ಜಿಗೆ ಗಡುವು ಕಟ್ಟಿತು. 2024ರ ಅಕ್ಟೋಬರ್‌ನಿಂದ ಇ-ಖಾತೆಯಿಲ್ಲದೆ ಪಟ್ಟಣದ ಸೈಟು ನೋಂದಣಿಯಾಗುವುದಿಲ್ಲ. ನಮೂನೆ-3 ಎಂಬ ಆ ಹಾಳೆಗಾಗಿ ಪುರಸಭೆ ಕಿಟಕಿಯ ಮುಂದೆ ನಿಂತವರ ಸಾಲು ಹಳೆಯ ನಾಕಾದ ಗಾಡಿಗಳ ಸಾಲಿಗೆ ಕಡಿಮೆಯೇನಲ್ಲ. ಕೃಷಿ ಜಮೀನಿನಲ್ಲಿ ಎದ್ದ ಬಡಾವಣೆಗಳಿಗೆ 2025ರಲ್ಲಿ ಬಿ-ಖಾತೆ ಕೊಡತೊಡಗಿದ ಮೇಲೆ, ಇಷ್ಟು ವರ್ಷ ಕಂದಾಯದ ಲೆಕ್ಕಕ್ಕೇ ಸಿಗದ ಮನೆಗಳು ಪುಸ್ತಕಕ್ಕೆ ಬಂದವು.

1993ರ ಜೂನ್ 1ರಿಂದ ಜಾರಿಯಾದ 74ನೇ ತಿದ್ದುಪಡಿ ಪುರಸಭೆಯನ್ನು ಸಂವಿಧಾನದೊಳಗೆ ಕೂರಿಸಿತು. ಜನಸಂಖ್ಯೆ ಹತ್ತು ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, ಇಪ್ಪತ್ತು ಸಾವಿರ ದಾಟಿದರೆ ಪುರಸಭೆ, ಐವತ್ತು ದಾಟಿದರೆ ನಗರಸಭೆ. ಮಹಿಳೆಯರು, ಪರಿಶಿಷ್ಟರು ಮೀಸಲಾತಿಯಿಂದ ಸದಸ್ಯರಾದರು. ಸಭೆಯಲ್ಲಿ ನಲ್ಲಿ, ಶೌಚಾಲಯದ ಮಾತು ಹೆಚ್ಚಾಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ. ಹಾಗಿದ್ದೂ 2018ರಲ್ಲಿ ಗೆದ್ದ ಅನೇಕ ಸದಸ್ಯರು, ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿದ್ದರಿಂದ, ಎರಡು ವರ್ಷ ಸಭೆಯನ್ನೇ ಕಾಣದೆ ಕಳೆದರು. ಆ ಎರಡು ವರ್ಷ ಊರು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಬೀದಿಗಿಳಿದು ಕೇಳಿದವರು ಕಡಿಮೆ. ನಾಕಾದ ದುಡ್ಡಿನಲ್ಲಿ ನಡೆದ ಪುರಸಭೆಗೆ ಇಷ್ಟು ದಿನ ಬೀಗ ಬಿದ್ದಿದ್ದರೆ ಪೇಟೆ ಸುಮ್ಮನಿರುತ್ತಿರಲಿಲ್ಲ.

ಪ್ರತಿ ವರ್ಷ ಬಜೆಟ್ಟಿಗೆ ಮುಂಚೆ ಪುರಸಭೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತದೆ. ಬಹಳ ಕಡೆ ಬರುವವರು ಹತ್ತಾರು ಜನ, ಅವರಲ್ಲಿ ಅರ್ಧ ಸಿಬ್ಬಂದಿ. ಮುಂದಿನ ಸಭೆಗೆ ಓದುಗರು ಈ ವರ್ಷದ ಕಂದಾಯದ ರಸೀದಿ ಜೇಬಿನಲ್ಲಿಟ್ಟುಕೊಂಡು ಬನ್ನಿ. ಊರಿನ ಸ್ವಂತ ಆದಾಯ ಎಷ್ಟು, ಅನುದಾನ ಎಷ್ಟು, ನಿಮ್ಮ ಓಣಿಗೆ ಬಂದದ್ದು ಎಷ್ಟು ಎಂದು ಕೇಳಿ. ಉತ್ತರ ನಡಾವಳಿಯಲ್ಲಿ ಬರೆಯುವವರೆಗೆ ಕುಳಿತಿರಿ.